ಮಗ್ಗದಿಂದ ಮೋಟಾರಿಗೆ: ಟೊಯೋಟಾ ಗಳಿಸಿದ ಹೆಸರು

ನಮ್ಮ ಘಾಟಬೋರಾಳದಿಂದ ಹುಮನಾಬಾದಿಗೆ ಹೋಗಿ ಹೈದರಾಬಾದ್-ಪುಣೆ ಹೆದ್ದಾರಿಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಇನ್ನೋವಾ ಗಾಡಿಗಳು ಒಂದರ ಹಿಂದೆ ಒಂದು ಹಾದು ಹೋಗುವುದು ಕಾಣುತ್ತದೆ. ಮದುವೆಯ ದಿಬ್ಬಣ, ಹೈದರಾಬಾದಿನ ಆಸ್ಪತ್ರೆ, ವಿಮಾನ ನಿಲ್ದಾಣ ಯಾವುದೇ ಇರಲಿ, ಬಾಡಿಗೆ ಗಾಡಿ ಎಂದರೆ ಜನ ಮೊದಲು ಕೇಳುವುದು ಅದನ್ನೇ. ಬಸವಕಲ್ಯಾಣದ ಆಟೋ ನಗರದ ಯಾವ ಮಿಸ್ತ್ರಿಯನ್ನಾದರೂ ಕೇಳಿ ನೋಡಿ, ಆ ಇಂಜಿನ್ನಿನ ಬಗ್ಗೆ ಅವನಲ್ಲಿ ಒಂದು ಅಭಿಪ್ರಾಯ ಸಿದ್ಧವಾಗಿರುತ್ತದೆ. ಆದರೆ ಈ ಗಾಡಿ ನಮ್ಮ ಕರ್ನಾಟಕದಲ್ಲೇ ತಯಾರಾಗುತ್ತದೆ ಎಂಬುದು ನಮ್ಮ ಅನೇಕ ವಿದ್ಯಾರ್ಥಿಗಳಿಗೆ ತಿಳಿದಿಲ್ಲ. ಅದನ್ನು ತಯಾರಿಸುವ ಕಂಪನಿಯ ಮೂಲ ಮೋಟಾರು ಅಲ್ಲ, ಬಟ್ಟೆ ನೇಯುವ ಮಗ್ಗ ಎಂಬುದು ತಿಳಿದವರು ಇನ್ನೂ ಕಡಿಮೆ.

ಉರ್ದುವಿನಲ್ಲಿ 'ಸಾಖ್' ಎಂಬ ಒಂದು ಶಬ್ದವಿದೆ. ಹೆಸರು, ನಂಬಿಕೆ, ಪೇಟೆಯಲ್ಲಿ ಸಿಗುವ ಉದ್ರಿ, ಈ ಮೂರೂ ಅದರಲ್ಲಿ ಸೇರಿವೆ. ಕನ್ನಡದಲ್ಲಿ 'ಪತ್ತು' ಎನ್ನಬಹುದು. ಟೊಯೋಟಾ ಕಂಪನಿಯ ಚರಿತ್ರೆಯೆಂದರೆ ಒಂದು ರೀತಿಯಲ್ಲಿ ಈ ಸಾಖ್ ಗಳಿಸಿದ, ಕಳೆದುಕೊಂಡ, ಮತ್ತೆ ಗಳಿಸಿದ ಚರಿತ್ರೆ.

ಸಾಕಿಚಿ ಟೊಯೋಡಾ 1867ರಲ್ಲಿ ಜಪಾನಿನ ಒಂದು ಬಡ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಬಡಗಿ. ಓದು ಪ್ರಾಥಮಿಕ ಶಾಲೆಗೇ ಮುಗಿಯಿತು. ಆ ಭಾಗದಲ್ಲಿ ಮನೆ ಮನೆಯಲ್ಲೂ ಹೆಂಗಸರು ಕೈಮಗ್ಗದಲ್ಲಿ ನೇಯುತ್ತಿದ್ದರು. ಅವರ ಶ್ರಮವನ್ನು ನೋಡುತ್ತ ಬೆಳೆದ ಈ ಹುಡುಗ ತಂದೆಯ ಕೊಟ್ಟಿಗೆಯಲ್ಲಿ ಮಗ್ಗಗಳನ್ನು ಕಟ್ಟುವುದು, ಒಡೆಯುವುದು, ಮತ್ತೆ ಕಟ್ಟುವುದು ಶುರು ಮಾಡಿದ. 1891ರಲ್ಲಿ ಮರದ ಕೈಮಗ್ಗಕ್ಕೆ ಮೊದಲ ಪೇಟೆಂಟ್ ಸಿಕ್ಕಿತು. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, 1924ರಲ್ಲಿ, ಅವರ ಹೆಸರನ್ನು ಲೋಕಕ್ಕೆ ತಿಳಿಸಿದ ಸ್ವಯಂಚಾಲಿತ ಮಗ್ಗ ಪೂರ್ಣವಾಯಿತು. ಅದರ ವಿಶೇಷ ಎರಡು. ನೂಲು ಮುಗಿದರೆ ಯಂತ್ರ ನಿಲ್ಲದೆಯೇ ಲಾಳಿ ತಾನಾಗಿ ಬದಲಾಗುತ್ತಿತ್ತು. ನೂಲು ಹರಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು.

ಈ ಎರಡನೆಯದರ ಮೇಲೆ ಸ್ವಲ್ಪ ಗಮನ ಕೊಡಬೇಕು. ಮೊದಲಿನ ಯಂತ್ರಮಗ್ಗಗಳಲ್ಲಿ ಎಳೆ ಹರಿದರೂ ಯಂತ್ರ ಓಡುತ್ತಲೇ ಇರುತ್ತಿತ್ತು, ಗಜಗಟ್ಟಲೆ ಬಟ್ಟೆ ಕೆಡುತ್ತಿತ್ತು. ಆದ್ದರಿಂದ ಪ್ರತಿ ಮಗ್ಗದ ಎದುರು ಒಬ್ಬ ಮನುಷ್ಯ ಕಣ್ಣು ಬಿಟ್ಟುಕೊಂಡು ನಿಲ್ಲಬೇಕಿತ್ತು. ಸಾಕಿಚಿಯವರ ಮಗ್ಗ ತಪ್ಪಾದ ಕೂಡಲೇ ನಿಂತುಬಿಡುತ್ತಿದ್ದುದರಿಂದ ಒಬ್ಬನೇ ಹಲವಾರು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. ತಪ್ಪಾದಾಗ ನಿಲ್ಲಬೇಕು ಎಂಬ ಈ ಒಂದು ವಿಚಾರವೇ ಮುಂದೆ ಕಾರು ಕಾರ್ಖಾನೆಗೂ ಬಂತು. ಅದನ್ನು ಜಪಾನಿನಲ್ಲಿ 'ಜಿದೋಕಾ' ಎನ್ನುತ್ತಾರೆ.

ಆ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿ ಒಂದು ಲಕ್ಷ ಪೌಂಡಿಗೆ ಕೊಂಡುಕೊಂಡಿತು. ಯಂತ್ರಮಗ್ಗಕ್ಕೆ ತವರೆನಿಸಿದ ಇಂಗ್ಲೆಂಡ್ ಜಪಾನಿನ ಬಡಗಿಯ ಮಗನಿಂದ ಮಗ್ಗದ ವಿದ್ಯೆ ಕೊಳ್ಳುವಂತಾಯಿತು! ಸಾಕಿಚಿಯವರ ಮಗ ಕೀಚಿರೋ ತಂದೆಯಂತಲ್ಲ, ಟೋಕಿಯೋ ವಿಶ್ವವಿದ್ಯಾಲಯದ ಇಂಜಿನಿಯರ್. ಅವರಿಗೆ ಮೋಟಾರಿನ ಹುಚ್ಚು. 1933ರಲ್ಲಿ ಮಗ್ಗದ ಕಾರ್ಖಾನೆಯಲ್ಲೇ ಮೋಟಾರು ವಿಭಾಗ ತೆರೆದರು. 1935ರಲ್ಲಿ ಮೊದಲ ಲಾರಿ ಬಂತು. ಆ ಲಾರಿಯ ಗುಣಮಟ್ಟವನ್ನು ಇಂದಿನವರು ನಂಬಲಾರರು. ಪ್ರದರ್ಶನಕ್ಕೆಂದು ಟೋಕಿಯೋಕ್ಕೆ ಹೊರಟಾಗಲೇ ದಾರಿಯಲ್ಲಿ ಸ್ಟಿಯರಿಂಗಿನ ಭಾಗ ಮುರಿದು ನಿಂತಿತು. ಮಾರಿದ ಲಾರಿಗಳೂ ಪದೇ ಪದೇ ಕೆಡುತ್ತಿದ್ದವು, ಕಂಪನಿಯವರೇ ಓಡಿ ಹೋಗಿ ರಿಪೇರಿ ಮಾಡಿಕೊಡುತ್ತಿದ್ದರು. 1937ರ ಆಗಸ್ಟ್‌ನಲ್ಲಿ ಟೊಯೋಟಾ ಮೋಟಾರ್ ಕಂಪನಿ ಪ್ರತ್ಯೇಕವಾಗಿ ನೋಂದಣಿಯಾಯಿತು.

ಮನೆತನದ ಹೆಸರು ಟೊಯೋಡಾ, ಗಾಡಿಯ ಹೆಸರು ಟೊಯೋಟಾ ಏಕೆ ಎಂದು ಕೆಲವರು ಕೇಳಬಹುದು. ಜಪಾನಿ ಲಿಪಿಯಲ್ಲಿ 'ಡ' ಬರೆಯಲು 'ಟ' ಅಕ್ಷರದ ಮೇಲೆ ಎರಡು ಸಣ್ಣ ಗೆರೆ ಹಾಕುತ್ತಾರೆ. ಅವನ್ನು ತೆಗೆದರೆ ಹೆಸರು ಎಂಟು ಗೆರೆಗಳಲ್ಲಿ ಮುಗಿಯುತ್ತದೆ. ಎಂಟು ಅಲ್ಲಿ ಶುಭ ಸಂಖ್ಯೆ. ನೋಡಲೂ ಚೆನ್ನ, ಉಚ್ಚರಿಸಲೂ ಸುಲಭ ಎಂದು 1936ರಲ್ಲಿ ಹೀಗೆ ಬದಲಾಯಿಸಿದರು. ಉರ್ದು ಓದುವ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ನುಕ್ತೆ ಮೇಲಿನಿಂದ ಕೆಳಗೆ ಬಂದರೆ 'ಖುದಾ' ಹೋಗಿ 'ಜುದಾ' ಆಗುವ ಲಿಪಿ ನಮ್ಮದು.

ಯುದ್ಧದ ನಂತರ ಜಪಾನ್ ನೆಲಕಚ್ಚಿತ್ತು. 1950ರಲ್ಲಿ ಟೊಯೋಟಾ ದಿವಾಳಿಯ ಅಂಚಿಗೆ ಬಂತು. 1,600 ಜನರನ್ನು ಕೆಲಸದಿಂದ ಬಿಡಿಸುವ ಪ್ರಸ್ತಾಪ ಬಂದಾಗ ಕಾರ್ಮಿಕರು ಮುಷ್ಕರ ಹೂಡಿದರು. ಕೀಚಿರೋ ಜವಾಬ್ದಾರಿ ಹೊತ್ತು ಜೂನ್ ತಿಂಗಳಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು. ಅದೇ ತಿಂಗಳು ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೈನ್ಯದಿಂದ ಲಾರಿಗಳ ಬೇಡಿಕೆ ಬಂತು, ಕಂಪನಿ ಬದುಕಿಕೊಂಡಿತು. ಕೀಚಿರೋ 1952ರಲ್ಲಿ ತೀರಿಕೊಂಡರು. ಪರಿಶ್ರಮ ಒಂದರಿಂದಲೇ ಎಲ್ಲ ಆಯಿತು ಎಂದು ಬರೆಯುವ ಪುಸ್ತಕಗಳು ಈ ಯುದ್ಧದ ಮಾತನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಅದು ಸರಿಯಲ್ಲ ಎಂದು ನನ್ನ ಅನಿಸಿಕೆ.

ಆದರೆ ಆ ಬಡತನದಲ್ಲೇ ಒಂದು ಹೊಸ ಪದ್ಧತಿ ಬೆಳೆಯಿತು. ಕೈಯಲ್ಲಿ ಹಣವಿಲ್ಲ, ಸಾಮಾನು ತಂದು ಗೋದಾಮು ತುಂಬುವ ಶಕ್ತಿಯಿಲ್ಲ. ಹಾಗಾದರೆ ಬೇಕಾದದ್ದನ್ನು, ಬೇಕಾದಾಗ, ಬೇಕಾದಷ್ಟೇ ತರಿಸಿಕೊಳ್ಳುವುದು. ತೈಚಿ ಓನೋ ಎಂಬ ಇಂಜಿನಿಯರ್ ಇದನ್ನು ಕಾರ್ಖಾನೆಯಲ್ಲಿ ಜಾರಿಗೆ ತಂದರು. ಮುಂದಿನ ಹಂತದವನು ಒಂದು ಚೀಟಿ ಕಳಿಸಿದರೆ ಮಾತ್ರ ಹಿಂದಿನವನು ಆ ಭಾಗ ತಯಾರಿಸಬೇಕು. ಈ ಚೀಟಿಯೇ 'ಕಾನ್‌ಬಾನ್'. ಜೊತೆಗೆ, ಸಾಲಿನಲ್ಲಿ ನಿಂತ ಯಾವ ಕಾರ್ಮಿಕನಿಗಾದರೂ ತಪ್ಪು ಕಂಡರೆ ತಲೆಯ ಮೇಲಿನ ಹಗ್ಗ ಎಳೆದು ಕೆಲಸ ನಿಲ್ಲಿಸುವ ಅಧಿಕಾರ. ಅಂದಿನ ಕಾರ್ಖಾನೆಗಳಲ್ಲಿ ಸಾಲು ನಿಲ್ಲಿಸಿದವನಿಗೆ ಬೈಗುಳ ಸಿಗುತ್ತಿತ್ತು. ಇಲ್ಲಿ ತಪ್ಪು ಕಂಡೂ ನಿಲ್ಲಿಸದಿರುವುದೇ ತಪ್ಪಾಯಿತು.

ಓನೋ ಅವರ ಇನ್ನೊಂದು ಪಾಠ 'ಐದು ಬಾರಿ ಏಕೆ' ಎಂಬುದು. ಅವರು ಕೊಟ್ಟ ಉದಾಹರಣೆ ಹೀಗಿದೆ. ಯಂತ್ರ ನಿಂತಿತು, ಏಕೆ? ಫ್ಯೂಸ್ ಹೋಯಿತು. ಫ್ಯೂಸ್ ಏಕೆ ಹೋಯಿತು? ಬೇರಿಂಗಿಗೆ ಎಣ್ಣೆ ಸಾಲದೆ ಭಾರ ಬಿತ್ತು. ಎಣ್ಣೆ ಏಕೆ ಸಾಲಲಿಲ್ಲ? ಎಣ್ಣೆಯ ಪಂಪು ಸರಿಯಾಗಿ ಎತ್ತುತ್ತಿಲ್ಲ. ಅದೇಕೆ? ಪಂಪಿನ ದಂಡ ಸವೆದಿದೆ. ಏಕೆ ಸವೆಯಿತು? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಫ್ಯೂಸ್ ಹಾಕಿ ಕೈ ತೊಳೆದುಕೊಂಡಿದ್ದರೆ ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ.

ನಾನು ಶಿಕ್ಷಕನಾಗಿ ಇದನ್ನು ಓದಿದಾಗ ನಮ್ಮ ಹಾಜರಿ ಪುಸ್ತಕ ನೆನಪಾಯಿತು. ಒಂಬತ್ತನೆಯ ತರಗತಿಯ ಹುಡುಗ ಶಾಲೆಗೆ ಬರುತ್ತಿಲ್ಲ. ಏಕೆ? ಗ್ಯಾರೇಜಿಗೆ ಹೋಗುತ್ತಾನೆ. ಏಕೆ? ತಂದೆ ದುಡಿಯಲು ಹೈದರಾಬಾದಿಗೆ ಹೋಗಿದ್ದಾನೆ, ಮನೆಗೆ ದಿನದ ಖರ್ಚು ಬೇಕು. ಸರಿ, ಓದು ಬಿಟ್ಟು ಗ್ಯಾರೇಜೇ ಏಕೆ? ಅಲ್ಲಿ ಹುನರ್ ಸಿಗುತ್ತದೆ, ಶಾಲೆಯಲ್ಲಿ ಏನು ಸಿಗುತ್ತದೆ ಎಂದು ಮನೆಯವರು ಕೇಳುತ್ತಾರೆ. ಈ ಮೂರನೆಯ 'ಏಕೆ'ಯ ಹತ್ತಿರ ನಾವು ಸಾಮಾನ್ಯವಾಗಿ ನಿಂತುಬಿಡುತ್ತೇವೆ. ಗೈರುಹಾಜರಿ ಬರೆದು ಪುಟ ತಿರುಗಿಸುತ್ತೇವೆ.

1957ರಲ್ಲಿ ಟೊಯೋಟಾ ತನ್ನ ಕ್ರೌನ್ ಕಾರನ್ನು ಅಮೆರಿಕಕ್ಕೆ ಕಳಿಸಿತು. ಅಲ್ಲಿನ ವೇಗದ ಹೆದ್ದಾರಿಗಳಲ್ಲಿ ಅದರ ಇಂಜಿನ್ ಕಾಯುತ್ತಿತ್ತು, ಗಾಡಿ ನಡುಗುತ್ತಿತ್ತು. 1960ರ ಹೊತ್ತಿಗೆ ಆ ಕಾರಿನ ರಫ್ತು ನಿಲ್ಲಿಸಬೇಕಾಯಿತು. ಆ ಕಷ್ಟದ ವರ್ಷಗಳಲ್ಲಿ ಹೆಸರು ಉಳಿಸಿದ್ದು ಗಟ್ಟಿ ಜೀಪಿನಂಥ ಲ್ಯಾಂಡ್ ಕ್ರೂಸರ್. ಅರಬ್ ದೇಶಗಳ ಮರಳಿನಲ್ಲೂ ಅದೇ ನಿಂತಿತು. ಜಿದ್ದಾದಲ್ಲಿ ಪೆಟ್ರೋಲ್ ಬಂಕ್‌ನಿಂದ ವ್ಯಾಪಾರ ಶುರು ಮಾಡಿದ್ದ ಅಬ್ದುಲ್ ಲತೀಫ್ ಜಮೀಲ್ 1955ರಲ್ಲೇ ಸೌದಿಯಲ್ಲಿ ಟೊಯೋಟಾದ ವಿತರಕರಾಗಿದ್ದರು. ಕೊಲ್ಲಿಗೆ ಡ್ರೈವರ್ ಕೆಲಸಕ್ಕೆ ಹೋದ ನಮ್ಮ ಕಡೆಯ ಮಂದಿ ರಜೆಗೆ ಬಂದಾಗ ಈ ಗಾಡಿಯನ್ನು ಹೊಗಳುವುದನ್ನು ನಾವೆಲ್ಲ ಕೇಳಿದ್ದೇವೆ. 1966ರಲ್ಲಿ ಕೊರೊಲಾ ಬಂದ ಮೇಲೆ ಟೊಯೋಟಾ ಹಿಂದಿರುಗಿ ನೋಡಲಿಲ್ಲ. 2008ರಲ್ಲಿ ಅಮೆರಿಕದ ಜನರಲ್ ಮೋಟಾರ್ಸನ್ನು ಹಿಂದೆ ಹಾಕಿ ಜಗತ್ತಿನ ಅತಿ ದೊಡ್ಡ ಮೋಟಾರು ಕಂಪನಿಯಾಯಿತು.

ಈಗ ಕರ್ನಾಟಕಕ್ಕೆ ಬರೋಣ. ಇಲ್ಲಿ ಟೊಯೋಟಾ ಜೊತೆ ಕೈ ಜೋಡಿಸಿದ್ದು ಕಿರ್ಲೋಸ್ಕರ್ ಮನೆತನ. ಆ ಮನೆತನದ ಹಿರಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, ಎಂದರೆ ಸಾಕಿಚಿಯವರಿಗಿಂತ ಎರಡೇ ವರ್ಷ ಚಿಕ್ಕವರು. ಮುಂಬಯಿಯ ತಾಂತ್ರಿಕ ಶಾಲೆಯಲ್ಲಿ ಶಿಕ್ಷಕರಾಗಿದ್ದರು (ನಮ್ಮ ವೃತ್ತಿಬಾಂಧವರು ಎಂದು ಹೇಳಿಕೊಳ್ಳಬಹುದು). ಬಡ್ತಿ ಸಿಗದೆ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ನಡೆಸಿದರು. ಅವರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂದು ಹೆದರಿ ರೈತರು ಕೊಳ್ಳಲಿಲ್ಲ. ಮೊದಲ ನೇಗಿಲು ಮಾರಲು ಎರಡು ವರ್ಷ ಬೇಕಾಯಿತು. 1910ರಲ್ಲಿ ಕಿರ್ಲೋಸ್ಕರವಾಡಿ ಸ್ಥಾಪನೆಯಾಯಿತು.

ಆ ಮನೆತನದ ನಾಲ್ಕನೇ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಟೊಯೋಟಾದವರನ್ನು ಕರೆತಂದರು. ಅವರು ಮೊದಲು ಕೂಡಿ ಮಾಡಿದ್ದು ಕಾರು ಅಲ್ಲ, ಬೆಂಗಳೂರಿನ ಬಳಿ ಜವಳಿ ಯಂತ್ರಗಳ ಕಾರ್ಖಾನೆ. ಮಗ್ಗದ ಋಣ ಇಲ್ಲಿಯೂ ಬಂತು ನೋಡಿ. 1997ರ ಅಕ್ಟೋಬರ್‌ನಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಗಿ, ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ 432 ಎಕರೆ ಜಾಗದಲ್ಲಿ ಕಾರ್ಖಾನೆ ಎದ್ದಿತು. ಅದುವರೆಗೆ ಬಿಡದಿ ಎಂದರೆ ತಟ್ಟೆ ಇಡ್ಲಿ. 1999ರ ಡಿಸೆಂಬರ್‌ನಲ್ಲಿ ಮೊದಲ ಕ್ವಾಲಿಸ್ ಹೊರಬಂತು.

ಕ್ವಾಲಿಸ್ ಹೊಸ ಗಾಡಿಯೇನೂ ಆಗಿರಲಿಲ್ಲ. ಇಂಡೋನೇಷ್ಯಾದ ಕಿಜಾಂಗ್ ಎಂಬ ಹಳೆಯ ಮಾದರಿಗೆ ಹೊಸ ಹೆಸರು. ಪೆಟ್ಟಿಗೆಯಂಥ ರೂಪವನ್ನು ಕಂಡು ಪತ್ರಿಕೆಯವರು ಮೂಗು ಮುರಿದರು. ಆದರೆ ಬಾಡಿಗೆ ಗಾಡಿಯವರು ರೂಪ ನೋಡುವುದಿಲ್ಲ, ತಿಂಗಳಿಗೆ ಎಷ್ಟು ದಿನ ಗಾಡಿ ಗ್ಯಾರೇಜಿನಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಹತ್ತು ಜನ ಕೂರುವ, ಲಕ್ಷಗಟ್ಟಲೆ ಕಿಲೋಮೀಟರ್ ಓಡುವ ಗಾಡಿಗೆ ಜಾಹೀರಾತು ಬೇಕಾಗಲಿಲ್ಲ, ಡ್ರೈವರುಗಳ ಬಾಯಿಯೇ ಸಾಕಾಯಿತು. ಇನ್ನೂ ಚೆನ್ನಾಗಿ ಮಾರುತ್ತಿರುವಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಎಲ್ಲವೂ ಹೀಗೆ ಗೆದ್ದವು ಎಂದಲ್ಲ. ಸಣ್ಣ ಕುಟುಂಬಕ್ಕೆಂದು 2010ರಲ್ಲಿ ಬಂದ ಇಟಿಯೋಸ್ ಬಾಳಿಕೆಯಲ್ಲಿ ಗಟ್ಟಿಯಾದರೂ ಮನೆಮಂದಿಯ ಮನಸ್ಸು ಗೆಲ್ಲದೆ ಟ್ಯಾಕ್ಸಿಯಾಗಿಯೇ ಹೆಚ್ಚು ಓಡಿ 2020ರಲ್ಲಿ ನಿಂತಿತು. 2019ರಿಂದ ಟೊಯೋಟಾ ಸುಜುಕಿಯವರ ಬಲೆನೋ ಗಾಡಿಯನ್ನೇ ಗ್ಲಾನ್ಜಾ ಎಂಬ ಹೆಸರಿನಲ್ಲಿ ಮಾರಿತು. ಆ ಸುಜುಕಿ ಕಂಪನಿಯೂ 1909ರಲ್ಲಿ ಮಗ್ಗದ ಕಾರ್ಖಾನೆಯಾಗಿಯೇ ಹುಟ್ಟಿದ್ದು.

ಬಿಡದಿಯ ಕಥೆಯಲ್ಲಿ ಕಾರ್ಮಿಕರ ಮಾತನ್ನು ಬಿಡುವಂತಿಲ್ಲ. 2006ರ ಜನವರಿಯಲ್ಲಿ ಕೆಲವರನ್ನು ಕೆಲಸದಿಂದ ತೆಗೆದಾಗ ಮುಷ್ಕರ, ಲಾಕೌಟ್ ನಡೆದವು. 2014ರ ಮಾರ್ಚ್‌ನಲ್ಲಿ ವೇತನದ ಮಾತುಕತೆ ಮುರಿದು ಮತ್ತೆ ಲಾಕೌಟ್. 2020ರ ನವೆಂಬರ್‌ನಲ್ಲಿ ಶುರುವಾದ ಜಗಳ ತಿಂಗಳುಗಟ್ಟಲೆ ನಡೆದು 2021ಕ್ಕೆ ಮುಂದುವರಿಯಿತು. ಕೆಲಸದ ಒತ್ತಡ ಸಹಿಸಲಾಗದ್ದು ಎಂಬುದು ಕಾರ್ಮಿಕರ ದೂರು, ಶಿಸ್ತು ಮೀರಿದರು ಎಂಬುದು ಕಂಪನಿಯ ಮಾತು. ತಪ್ಪು ಕಂಡರೆ ಹಗ್ಗ ಎಳೆಯಿರಿ ಎಂದು ಕಾರ್ಮಿಕನಿಗೆ ಹೇಳುವ ಪದ್ಧತಿ, ಕೆಲಸದ ವೇಗವೇ ತಪ್ಪು ಎಂದು ಅವನು ಹೇಳಿದಾಗ ಯಾವ ಹಗ್ಗ ಕೊಡುತ್ತದೆ?

ಹೆಸರಿಗೆ ಪೆಟ್ಟು ಹೊರಗಿನಿಂದಲೂ ಬಿತ್ತು. 2009-10ರಲ್ಲಿ ಆಕ್ಸಿಲರೇಟರ್ ಸಿಕ್ಕಿಕೊಳ್ಳುವ ದೂರುಗಳಿಂದ ಲಕ್ಷಾಂತರ ಕಾರುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಬೇಕಾಯಿತು. ಸಾಕಿಚಿಯವರ ಮರಿಮಗ ಅಕಿಯೋ ಟೊಯೋಡಾ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು. ಜನರನ್ನು ತರಬೇತಿಗೊಳಿಸಿದ್ದಕ್ಕಿಂತ ವೇಗವಾಗಿ ಕಂಪನಿ ಬೆಳೆದುಬಿಟ್ಟಿತು ಎಂಬುದು ಅವರ ಮಾತಿನ ಸಾರ. ಗ್ರಾಹಕರಿಗೆ ಸತ್ಯ ಮುಚ್ಚಿಟ್ಟಿದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ತೆತ್ತರು. 2024ರ ಜನವರಿಯಲ್ಲಿ ಡೀಸೆಲ್ ಇಂಜಿನ್ನುಗಳ ಶಕ್ತಿ ಪರೀಕ್ಷೆಯಲ್ಲಿ ಅಕ್ರಮ ನಡೆದದ್ದು ಹೊರಬಿದ್ದು, ನಮ್ಮಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚ್ಯೂನರ್ ಗಾಡಿಗಳ ರವಾನೆ ಕೆಲಕಾಲ ನಿಂತಿತು. ಆ ಇಂಜಿನ್ ಮಾಡುತ್ತಿದ್ದುದು ಬೇರಾರೂ ಅಲ್ಲ, ಸಾಕಿಚಿ ಕಟ್ಟಿದ ಅದೇ ಮಗ್ಗದ ಕಂಪನಿ. ಎಳೆ ಹರಿದರೂ ಮಗ್ಗ ಓಡುತ್ತಲೇ ಇತ್ತು.

ಇನ್ನು ನಮ್ಮ ಮಕ್ಕಳಿಗೆ ನೇರ ಸಂಬಂಧಪಟ್ಟ ವಿಷಯ. 2007ರಲ್ಲಿ ಬಿಡದಿಯ ಕಾರ್ಖಾನೆಯ ಆವರಣದಲ್ಲಿ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಶುರುವಾಯಿತು. ಕರ್ನಾಟಕದ ಗ್ರಾಮೀಣ ಭಾಗದ, ಬಡ ಕುಟುಂಬದ, ಹತ್ತನೆಯ ತರಗತಿ ಪಾಸಾದ ಮಕ್ಕಳಿಗೆ ಮೂರು ವರ್ಷದ ವಸತಿಸಹಿತ ಶಿಕ್ಷಣ. ಜೋಡಣೆ, ವೆಲ್ಡಿಂಗ್, ಬಣ್ಣ, ಮೆಕಾಟ್ರಾನಿಕ್ಸ್ ಮುಂತಾದ ವಿಭಾಗಗಳಿವೆ. ಮೊದಲು ಗಂಡುಹುಡುಗರಿಗೆ ಮಾತ್ರ ಇದ್ದದ್ದು ನಂತರ ಹೆಣ್ಣುಮಕ್ಕಳಿಗೂ ತೆರೆಯಿತು. ಆಯ್ಕೆಗೆ ಪರೀಕ್ಷೆ ಉಂಟು. ಗಣಿತ, ವಿಜ್ಞಾನ ಗಟ್ಟಿಯಿರಬೇಕು, ಜೊತೆಗೆ ಕನ್ನಡವೂ ಬೇಕು. ಉರ್ದು ಮಾಧ್ಯಮದ ನಮ್ಮ ಮಕ್ಕಳು ಕನ್ನಡವನ್ನು ಪಾಸಾಗುವಷ್ಟು ಮಾತ್ರ ಓದಿದರೆ ಬಿಡದಿಯಂಥ ಊರಿನಲ್ಲಿ ಎಡವುತ್ತಾರೆ. ಎರಡೂ ಭಾಷೆ ಕಲಿಸುವವನಾಗಿ ಇದನ್ನು ಬಲ್ಲೆ. ಉಸ್ತಾದನ ಕೈಕೆಳಗೆ ಶಾಗಿರ್ದನಾಗಿ ಕಲಿಯುವುದು ಕೀಳೆಂದು ನಾನು ಹೇಳುತ್ತಿಲ್ಲ, ಸಾಕಿಚಿ ಕಲಿತದ್ದೂ ಹಾಗೆಯೇ. ಆದರೆ ಗ್ಯಾರೇಜಿನ ಹುಡುಗನ ಕೈಯಲ್ಲಿ ಕೆಲಸ ಇರುತ್ತದೆ, ಕಾಗದ ಇರುವುದಿಲ್ಲ. ಈಗಿನ ಗಾಡಿಗಳ ಒಳಗೆ ಕಂಪ್ಯೂಟರ್ ಕೂತಿರುವುದರಿಂದ ಬರೇ ಕಿವಿಗೊಟ್ಟು ಇಂಜಿನ್ನಿನ ರೋಗ ಹಿಡಿಯುವ ಕಾಲವೂ ಮುಗಿಯುತ್ತ ಬಂದಿದೆ.

ವಿಕ್ರಮ್ ಕಿರ್ಲೋಸ್ಕರ್ 2022ರ ನವೆಂಬರ್‌ನಲ್ಲಿ ನಿಧನರಾದರು. ಮರುವರ್ಷ ಬಿಡದಿಯಲ್ಲಿ ಮೂರನೆಯ ಘಟಕಕ್ಕೆ 3,300 ಕೋಟಿ ರೂಪಾಯಿಯ ಒಪ್ಪಂದವಾಯಿತು. 2024ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರದೊಡನೆ ಇನ್ನೊಂದು ಒಪ್ಪಂದವಾಗಿ, ಹೊಸ ಕಾರ್ಖಾನೆಗೆ ಔರಂಗಾಬಾದ್, ಎಂದರೆ ಈಗಿನ ಛತ್ರಪತಿ ಸಂಭಾಜಿನಗರ, ಗೊತ್ತಾಯಿತು. ನಮ್ಮ ಘಾಟಬೋರಾಳಕ್ಕೆ ಅದು ಬಿಡದಿಗಿಂತ ಬಹಳ ಹತ್ತಿರ.