ಅಡುಗೆಮನೆ ಕಟ್ಟೆಗೆ ಯಾವ ಕಲ್ಲು? ಹಣ ಉಳಿಯೋದು ಎಲ್ಲಿ?

ಮನೆ ಕಟ್ಟುವಾಗ ಅಡುಗೆಮನೆಯ ಕೆಲಸ ಬರೋದು ಕೊನೆಗೆ. ಅಷ್ಟೊತ್ತಿಗೆ ಬ್ಯಾಂಕಿನ ಸಾಲವೂ, ಗಲ್ಫಿನಿಂದ ಬಂದ ಹಣವೂ ಖಾಲಿ. ಆಗ ಯಾರಾದ್ರೂ "ತಾಂಡೂರು ಕಲ್ಲು ಹಾಕಿ, ಅಗ್ಗ" ಅಂತಾರೆ. ಅಗ್ಗ ಹೌದು. ಆದ್ರೆ ಎಲ್ಲಿ ಹಾಕ್ತೀರಿ ಅನ್ನೋದು ಮುಖ್ಯ.

ತಾಂಡೂರು ಇರುವುದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿ, ನಮ್ಮ ಕಲಬುರಗಿ ಜಿಲ್ಲೆಯ ಗಡಿಯಲ್ಲಿ. ಜಹೀರಾಬಾದ್, ನಾರಾಯಣಖೇಡದ ಹಾಗೆ ಅಲ್ಲೂ ಕನ್ನಡ ಮಾತಾಡುವವರಿದ್ದಾರೆ. ಅಲ್ಲಿನ ನೀಲಿ, ಹಳದಿ ಕಲ್ಲು ಮತ್ತು ಈಚೆ ಬದಿಯ ಶಹಾಬಾದ್ ಕಲ್ಲು ಒಂದೇ ಜಾತಿ, ಎರಡೂ ಸುಣ್ಣದ ಕಲ್ಲು. ನೆಲದಡಿ ಪದರ ಪದರವಾಗಿರುವುದರಿಂದ ಹಲಗೆಯಂತೆ ಎಬ್ಬಿಸಬಹುದು, ಗ್ರಾನೈಟಿನಂತೆ ದೊಡ್ಡ ಬ್ಲಾಕ್ ತೆಗೆದು ಕೊಯ್ಯಬೇಕಿಲ್ಲ. ಆ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳಿರೋದೂ ಇದೇ ಕಲ್ಲಿನಿಂದ.

ಸುಣ್ಣದ ಕಲ್ಲಿಗೆ ಹುಳಿ ಆಗುವುದಿಲ್ಲ. ನಮ್ಮಲ್ಲಿ ಮೀನು ಸಾರು ಅಂದ್ರೆ ಹುಣಸೆ, ಪುನರ್ಪುಳಿ, ಲಿಂಬೆ ದಿನಾ ಬೇಕೇ ಬೇಕು. ನಮ್ಮ ಸಂಬಂಧಿಕರೊಬ್ಬರು ಪಾಲಿಶ್ ತಾಂಡೂರು ಹಾಕಿಸಿದ್ರು. ಕೆಲವೇ ತಿಂಗಳಲ್ಲಿ ಹುಳಿ ಬಿದ್ದಲ್ಲೆಲ್ಲ ಹೊಳಪು ಹೋಗಿ ಬಿಳಿ ಕಲೆ. ಕಿತ್ತು ಗ್ರಾನೈಟ್ ಹಾಕಿಸಿದ್ರು, ಕೂಲಿ ಎರಡು ಸಲ. ಕಪ್ಪಗೆ ಕಾಣುವ ಕಡಪ ಕಲ್ಲೂ ಸುಣ್ಣದ ಕಲ್ಲೇ. ಅನುಮಾನ ಇದ್ರೆ ಪಾಲಿಶ್ ಆದ ತುಂಡಿನ ಮೇಲೆ ಲಿಂಬೆ ರಸ ಬಿಟ್ಟು ಅರ್ಧ ಗಂಟೆ ಕಳೆದು ಒರೆಸಿ ನೋಡಿ. ಹೊಳಪು ಮಾಸಿದ್ರೆ ಅದು ಗ್ರಾನೈಟ್ ಅಲ್ಲ. ಕಪ್ಪು ಗ್ರಾನೈಟಿಗೆ ಬಿಳಿ ಬಟ್ಟೆಯಲ್ಲಿ ಥಿನ್ನರ್ ಹಾಕಿ ಉಜ್ಜಿ, ಬಟ್ಟೆ ಕಪ್ಪಾದ್ರೆ ಬಣ್ಣ ಹಾಕಿದ ಮಾಲು.

ಹಾಗಾಗಿ ಮೇಲ್ಗಡೆ ಮಾತ್ರ ಗ್ರಾನೈಟ್ ಇರಲಿ. ಕಟ್ಟೆಯ ಕೆಳಗಿನ ಶೆಲ್ಫ್, ಸ್ಟೋರ್ ರೂಮಿನ ಅಟ್ಟಣಿಗೆ, ಅಂಗಳ, ಇವಕ್ಕೆಲ್ಲ ತಾಂಡೂರು, ಕಡಪ ಧಾರಾಳ ಸಾಕು.

ಗ್ರಾನೈಟಿನಲ್ಲೂ ಉಳಿಸಬಹುದು. ಕಟ್ಟೆಯ ಅಗಲ ಸಾಮಾನ್ಯವಾಗಿ 2 ಅಡಿ. 10 ಅಡಿ ಉದ್ದದ ಕಟ್ಟೆಗೆ ಬೇಕಾದ್ದು 20 ಚದರ ಅಡಿ. ಎರಡೂವರೆ ಅಡಿ ಅಗಲದ ಸ್ಲ್ಯಾಬ್ ತಗೊಂಡ್ರೆ 25 ಅಡಿಗೆ ದುಡ್ಡು ಕೊಡ್ತೀರಿ. ಅಂಗಡಿಯಲ್ಲಿ 'ಕಟರ್ ಸೈಜ್' ಕೇಳಿ. ಅಗಲ ಕಡಿಮೆ, ರೇಟೂ ಕಡಿಮೆ, ಅಡುಗೆಮನೆಗೆ ಅದೇ ಸರಿ. ಅಳತೆ ಟೇಪು ನಿಮ್ಮದೇ ಇರಲಿ. ಅಂಚಿನ ಮೋಲ್ಡಿಂಗಿಗೆ ಅಡಿ ಲೆಕ್ಕದಲ್ಲಿ ಬೇರೆ ಚಾರ್ಜು ಹಾಕ್ತಾರೆ, ಗೋಡೆ ಬದಿಗೆ ಅದು ಬೇಕಿಲ್ಲ. ಗ್ರಾನೈಟ್ ಸ್ಲ್ಯಾಬಿಗೆ ಜಿಎಸ್‌ಟಿ 18%, ಹೇಳಿದ ರೇಟು ಅದು ಸೇರಿಯೋ ಅಲ್ಲವೋ ಮೊದಲೇ ಕೇಳಿಕೊಳ್ಳಿ.

ಸಿಂಕಿಗೆ ಕೊಯ್ದ ತುಂಡನ್ನು ಕೆಲಸದವರು ಹೆಚ್ಚಾಗಿ ಮೂಲೆಗೆ ಎಸೀತಾರೆ. ಅದಕ್ಕೂ ನೀವು ದುಡ್ಡು ಕೊಟ್ಟಿದ್ದೀರಿ. ಬಾತ್‌ರೂಮಿನ ಕಿಟಕಿ ದಂಡೆಗೆ ಆಗ್ತದೆ, ತೆಗೆದಿಡಿ.