ಸರದಿಯ ಸಾಲು: ಟೆಲಿಫೋನ್ ಕಚೇರಿಯಿಂದ ವಿಮಾನದ ಬಾಗಿಲವರೆಗೆ

ಕೆಲವು ವರ್ಷಗಳ ಹಿಂದಿನ ಮಾತು. ದೂರದ ಊರಿನಲ್ಲಿದ್ದ ನನ್ನ ಅಣ್ಣನವರ ಆರೋಗ್ಯ ತೀರಾ ಹದಗೆಟ್ಟಿದೆಯೆಂಬ ಸುದ್ದಿ ಬಂದು, ನಾನೂ ನನ್ನ ಶ್ರೀಮತಿಯವರೂ ಬೆಳಗಿನ ಜಾವವೇ ವಿಮಾನ ನಿಲ್ದಾಣಕ್ಕೆ ಧಾವಿಸಿದೆವು. ಭದ್ರತಾ ತಪಾಸಣೆಯ ಸಾಲು ಜಾತ್ರೆಯ ತೇರಿನ ಹಗ್ಗದಂತೆ ಉದ್ದವಾಗಿತ್ತು. ಮುಕ್ಕಾಲು ಗಂಟೆ ನಿಂತರೂ ಅರ್ಧ ದಾರಿ ಸವೆದಿರಲಿಲ್ಲ. ವಿಮಾನದ ಬಾಗಿಲು ಮುಚ್ಚಲು ಉಳಿದಿದ್ದುದು ಇಪ್ಪತ್ತೇ ನಿಮಿಷ. ನಮ್ಮ ಮುಖದ ಕಳವಳವನ್ನು ಕಂಡ ತರುಣನೊಬ್ಬ ವಿಷಯ ಕೇಳಿ ತಿಳಿದು, ಮುಂದಿದ್ದವರಿಗೆ ಒಂದು ಮಾತು ಹೇಳಿದ. ಒಬ್ಬೊಬ್ಬರಾಗಿ ಎಲ್ಲರೂ ದಾರಿ ಬಿಟ್ಟರು. ಅಂದು ಸಂಜೆ ಅಣ್ಣನವರು ನನ್ನ ಗುರುತು ಹಿಡಿದು ಕೈಹಿಡಿದುಕೊಂಡರು. ಮೂರನೆಯ ದಿನ ತೀರಿಕೊಂಡರು.

ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ನನಗೆ, ಸಾಲು ಬೆಳೆಯುವುದೇಕೆ ಎಂಬ ಪ್ರಶ್ನೆ ಹುಟ್ಟಿದ್ದು ಆ ದಿನವೇ. ಆಮೇಲೆ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಮಾನ ನಿಲ್ದಾಣದ ಸಾಲು ಹುಟ್ಟಿದ್ದು ಭಯದಿಂದ. ವಿಮಾನ ಅಪಹರಣಗಳು ಮಿತಿಮೀರಿದಾಗ ಅಮೆರಿಕವು 1973ರ ಜನವರಿಯಿಂದ ಪ್ರತಿಯೊಬ್ಬ ಪ್ರಯಾಣಿಕನ ತಪಾಸಣೆಯನ್ನೂ ಕಡ್ಡಾಯಗೊಳಿಸಿತು. ನಮ್ಮಲ್ಲಿ 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನದ ಅಪಹರಣವಾದ ಬಳಿಕ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ ನಿಲ್ದಾಣಗಳ ಕಾವಲನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ವಹಿಸಲಾಯಿತು. 2001ರ ಸೆಪ್ಟೆಂಬರ್ 11ರ ದಾಳಿ, 2006ರಲ್ಲಿ ಬ್ರಿಟನ್ನಿನಲ್ಲಿ ಬಯಲಾದ ದ್ರವಸ್ಫೋಟಕದ ಸಂಚು, ಇವೆಲ್ಲ ಒಂದೊಂದು ನಿಯಮವನ್ನು ಸೇರಿಸುತ್ತ ಹೋದವು. ಆದುದರಿಂದ ಸಾಲನ್ನು ಶಪಿಸುವ ಮುನ್ನ, ಅದು ಯಾರದೋ ಪ್ರಾಣದ ಬೆಲೆಯಿಂದ ಬಂದುದೆಂಬುದನ್ನು ನೆನೆಯಬೇಕು.

ಆದರೆ ಸಾಲಿನ ಗಣಿತ ವಿಮಾನಯಾನಕ್ಕಿಂತ ಬೇರೆಯಾದ ಕ್ಷೇತ್ರದಲ್ಲಿ ಹುಟ್ಟಿತು. ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್ (1878-1929) ಹಳ್ಳಿಯ ಶಾಲಾ ಉಪಾಧ್ಯಾಯರ ಮಗ. ತಾವೂ ಕೆಲಕಾಲ ಪಾಠ ಹೇಳಿದವರು. ನಮ್ಮ ವೃತ್ತಿಬಾಂಧವರೆಂಬ ಅಭಿಮಾನ ನನಗೆ! 1908ರಲ್ಲಿ ಅವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಗೆ ಸೇರಿದರು. ಎಷ್ಟು ತಂತಿಗಳಿದ್ದರೆ ಕರೆ ಮಾಡಿದವರು ಹೆಚ್ಚು ಕಾಯಬೇಕಾಗಿಲ್ಲ ಎಂಬುದು ಅವರ ಮುಂದಿದ್ದ ಪ್ರಶ್ನೆ. 1909ರಲ್ಲಿ ಮೊದಲ ಪ್ರಬಂಧವನ್ನೂ, 1917ರಲ್ಲಿ ಕಾಯುವ ಕಾಲದ ಸೂತ್ರಗಳನ್ನೂ ಪ್ರಕಟಿಸಿದರು.

ಆ ಗಣಿತದ ಸಾರವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಂದು ಕೌಂಟರಿನಲ್ಲಿ ಒಬ್ಬರಿಗೆ ಸರಾಸರಿ ಒಂದು ನಿಮಿಷ ಬೇಕು. ಅಂದರೆ ಗಂಟೆಗೆ 60 ಜನರ ಸಾಮರ್ಥ್ಯ. ಜನ ಬರುವ ಹೊತ್ತಿಗೂ ಅವರಿಗೆ ತಗಲುವ ಸಮಯಕ್ಕೂ ನಿಯತಿಯಿಲ್ಲವೆನ್ನಿ. ಗಂಟೆಗೆ 48 ಮಂದಿ ಬಂದರೆ ಸರಾಸರಿ ಕಾಯುವಿಕೆ 4 ನಿಮಿಷ. 54 ಮಂದಿ ಬಂದರೆ 9 ನಿಮಿಷ. 57 ಮಂದಿ ಬಂದರೆ 19 ನಿಮಿಷ! ಕೊನೆಯ ಮೂವರು ಹೆಚ್ಚಾದುದಕ್ಕೇ ಕಾಯುವಿಕೆ ಇಮ್ಮಡಿ ಮೀರಿತು. ಸಿಬ್ಬಂದಿ ಒಂದು ಕ್ಷಣವೂ ಸುಮ್ಮನೆ ಕೂರಬಾರದೆಂದು ಲೆಕ್ಕ ಹಾಕುವ ಆಡಳಿತಗಾರನು, ತಿಳಿಯದೆಯೇ ಜನರನ್ನು ನಿಲ್ಲಿಸಿ ದಣಿಸುತ್ತಾನೆ. ತುಸು ಬಿಡುವಿನ ಸಾಮರ್ಥ್ಯ ದಂಡವಲ್ಲ.

1961ರಲ್ಲಿ ಅಮೆರಿಕದ ಜಾನ್ ಲಿಟಲ್ ಇನ್ನೊಂದು ಸರಳ ನಿಯಮವನ್ನು ಸಾಧಿಸಿ ತೋರಿಸಿದರು. ಸಾಲಿನಲ್ಲಿರುವವರ ಸಂಖ್ಯೆಯೆಂದರೆ ಬರುವ ವೇಗ ಮತ್ತು ಕಾಯುವ ಕಾಲಗಳ ಗುಣಲಬ್ಧ. ಗಂಟೆಗೆ 600 ಮಂದಿ ಬಂದು ತಲಾ 20 ನಿಮಿಷ ಕಾದರೆ, ಸಾಲಿನಲ್ಲಿ ಸರಾಸರಿ 200 ಮಂದಿ. ಪ್ರತಿ ಕೌಂಟರಿಗೂ ಪ್ರತ್ಯೇಕ ಸಾಲಿನ ಬದಲು ಹಾವಿನಂತೆ ಸುತ್ತುವ ಒಂದೇ ಸಾಲು ನ್ಯಾಯವಾದುದೆಂಬುದೂ ಇದೇ ಶಾಸ್ತ್ರದ ಪಾಠ. ಯಾವ ಕೌಂಟರೂ ಖಾಲಿ ಇರುವುದಿಲ್ಲ. ಹಿಂದೆ ಬಂದವನು ಮುಂದೆ ದಾಟುವುದಿಲ್ಲ.

ವಿಮಾನದ ಬಾಗಿಲ ಬಳಿಯ ಕಥೆ ಬೇರೆ. ಅಲ್ಲಿ ತಡೆಯಿರುವುದು ಒಳಗಿನ ಇಕ್ಕಟ್ಟಾದ ನಡುದಾರಿಯಲ್ಲಿ. ಒಬ್ಬರು ಚೀಲವನ್ನು ಮೇಲಿಡುವವರೆಗೆ ಹಿಂದಿನವರೆಲ್ಲ ನಿಲ್ಲಬೇಕು. ಹಿಂದಿನ ಸೀಟಿನವರನ್ನು ಗುಂಪಾಗಿ ಮೊದಲು ಹತ್ತಿಸುವುದು ಲೇಸೆಂದು ನಾವೆಲ್ಲ ಭಾವಿಸುತ್ತೇವೆ. ಖಭೌತ ವಿಜ್ಞಾನಿ ಜೇಸನ್ ಸ್ಟೆಫೆನ್ 2008ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ಅದು ತಪ್ಪೆಂದು ತೋರಿಸಿದರು. ಗುಂಪಾಗಿ ಹೋದವರು ಒಂದೇ ಜಾಗದಲ್ಲಿ ಅಡಚಿಕೊಳ್ಳುತ್ತಾರೆ. ಸಾಲುಬಿಟ್ಟು ಸಾಲಿನ ಕಿಟಕಿಯ ಸೀಟಿನವರನ್ನು ಮೊದಲು ಕಳುಹಿಸಿದರೆ, ಹಲವರು ಏಕಕಾಲದಲ್ಲಿ ಚೀಲವಿಡಬಹುದು.

ನಮ್ಮಲ್ಲೂ ಸುಧಾರಣೆಗಳಾಗಿವೆ. ಕೈಚೀಲದ ಚೀಟಿಗೆ ಮುದ್ರೆಯೊತ್ತುವ ಪದ್ಧತಿ 2017ರ ಏಪ್ರಿಲ್‌ನಿಂದ ಬೆಂಗಳೂರೂ ಸೇರಿದಂತೆ ಏಳು ನಿಲ್ದಾಣಗಳಲ್ಲಿ ನಿಂತಿತು. ಮುಖವನ್ನೇ ಗುರುತಾಗಿಸುವ ಡಿಜಿ ಯಾತ್ರಾ 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಆರಂಭವಾಯಿತು. ಆದರೆ ಅದೇ ತಿಂಗಳು ದೆಹಲಿಯ ಮೂರನೆಯ ಟರ್ಮಿನಲ್ಲಿನ ನೂಕುನುಗ್ಗಲು ಪತ್ರಿಕೆಗಳನ್ನು ತುಂಬಿತ್ತು. ಯಂತ್ರವೊಂದೇ ಸಾಲದು. ಜೊತೆಗೆ, ಸ್ಮಾರ್ಟ್ ಫೋನ್ ಬಳಸಲಾರದ ನನ್ನ ವಯಸ್ಸಿನವರ ಸಾಲಿಗೂ ಸಾಕಷ್ಟು ಕೌಂಟರ್‌ಗಳು ಉಳಿಯಬೇಕು.

ಎರ್ಲಾಂಗರ ಸೂತ್ರ ಹೇಳುವುದು ಸರಾಸರಿಯ ಮಾತು. ಆದರೆ ಸಾಲಿನಲ್ಲಿ ನಿಂತವನು ಸರಾಸರಿಯಲ್ಲ, ಅವನಿಗೊಂದು ಕಾರಣವಿರುತ್ತದೆ. ಅಂದು ಹೆಸರೂ ತಿಳಿಯದ ನೂರಾರು ಮಂದಿ ತಮ್ಮ ಒಂದೊಂದು ನಿಮಿಷವನ್ನು ನಮಗೆ ದಾನವಿತ್ತರು. ಆ ನಿಮಿಷಗಳ ಮೊತ್ತವೇ ನನಗೆ ದೊರೆತ ಅಣ್ಣನವರ ಕೊನೆಯ ಮೂರು ದಿನಗಳು. ಆ ಋಣವನ್ನು ತೀರಿಸುವ ಬಗೆ ಒಂದೇ: ಮುಂದಿನ ಬಾರಿ ಸಾಲಿನಲ್ಲಿ ನಿಂತಾಗ ಹಿಂದಿರುವವರ ಮುಖವನ್ನೊಮ್ಮೆ ತಿರುಗಿ ನೋಡುವುದು.