ಕುರಿಯ ರಕ್ತ ಕೊಟ್ಟ ಸುಳಿವು

ಗ್ರಂಥಿಜ್ವರ ಬಂದವರಿಗೆ ಗಂಟಲು ನೋಯುತ್ತದೆ, ಕುತ್ತಿಗೆಯ ಗಂಟುಗಳು ಊದುತ್ತವೆ, ವಾರಗಟ್ಟಲೆ ಸುಸ್ತು ಬಿಡುವುದಿಲ್ಲ. ಅಂಥವರ ರಕ್ತದ ದ್ರವಭಾಗಕ್ಕೆ ಕುರಿಯ ಕೆಂಪು ರಕ್ತಕಣ ಬೆರೆಸಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗಟ್ಟುತ್ತವೆ. 1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಪಾಲ್ ಮತ್ತು ವಾಲ್ಸ್ ಬನ್ನೆಲ್ ಇದನ್ನು ವರದಿ ಮಾಡಿದರು. ರೋಗಿಯ ಮೈಯಲ್ಲಿ ಕುರಿಯ ರಕ್ತದ ವಿರುದ್ಧ ಪ್ರತಿಕಾಯಗಳು ಹೇರಳವಾಗಿದ್ದವು. ಏಕೆ? ಯಾರಿಗೂ ತಿಳಿದಿರಲಿಲ್ಲ. ಕಾರಣ ತಿಳಿಯದಿದ್ದರೂ ವೈದ್ಯರು ಅದನ್ನೇ ರೋಗಪತ್ತೆಯ ಪರೀಕ್ಷೆ ಮಾಡಿಕೊಂಡರು.

ಕಾರಣದ ಎಳೆ ಸಿಕ್ಕಿದ್ದು ಉಗಾಂಡದಲ್ಲಿ. ಕಂಪಾಲದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅಲ್ಲಿನ ಮಕ್ಕಳ ದವಡೆಯ ಗೆಡ್ಡೆಗಳ ಬಗ್ಗೆ 1961ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟರು. ಕೇಳುತ್ತ ಕೂತಿದ್ದ ಸಂಶೋಧಕ ಆಂಟನಿ ಎಪ್‌ಸ್ಟೀನ್‌ಗೆ ಇದು ವೈರಸ್ಸಿನ ಕೆಲಸವಿರಬಹುದೆಂಬ ಅನುಮಾನ ಹುಟ್ಟಿತು. 1964ರಲ್ಲಿ ಇವಾನ್ ಬಾರ್, ಬರ್ಟ್ ಅಚಾಂಗ್ ಅವರೊಡನೆ ಅವರು ಆ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು.

ಅದಕ್ಕೂ ಗ್ರಂಥಿಜ್ವರಕ್ಕೂ ಇರುವ ನಂಟು ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. ಫಿಲಡೆಲ್ಫಿಯಾದಲ್ಲಿ ವೈರಸ್ ಸಂಶೋಧಕರಾದ ಹೆನ್ಲೆ ದಂಪತಿಯ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರ ರಕ್ತದಲ್ಲಿ ಈ ವೈರಸ್ ವಿರುದ್ಧ ಪ್ರತಿಕಾಯ ಇರಲಿಲ್ಲ. 1967ರಲ್ಲಿ ಅವರಿಗೆ ಗ್ರಂಥಿಜ್ವರ ಬಂತು. ಆಮೇಲೆ ನೋಡಿದರೆ ಪ್ರತಿಕಾಯ ಇತ್ತು!

ಕಂಡವರ ಹೆಸರನ್ನೇ ಹೊತ್ತ ಈ ಎಪ್‌ಸ್ಟೀನ್-ಬಾರ್ ವೈರಸ್ ಹೊಕ್ಕು ಕೂರುವುದು ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳಲ್ಲೇ. ಶತ್ರು ಯಾರೆಂಬ ಗೊಡವೆಯಿಲ್ಲದೆ ಅವು ಸಂಖ್ಯೆಯಲ್ಲಿ ಹೆಚ್ಚುತ್ತವೆ, ಗುರಿಯಿಲ್ಲದ ಪ್ರತಿಕಾಯಗಳನ್ನೂ ಸುರಿಸುತ್ತವೆ. ಕುರಿಯ ರಕ್ತವನ್ನು ಹಿಡಿದದ್ದು ಇಂಥವೇ. ಅಪರೂಪಕ್ಕೆ ಕೆಲವು ರೋಗಿಯ ಕೆಂಪು ಕಣಗಳನ್ನೇ ಒಡೆಯುತ್ತವೆ.

ಪ್ರತಿಕಾಯಗಳು ಹೀಗೆ ಸ್ವಂತ ಮೈಯ ಮೇಲೇ ತಿರುಗಲು ಇನ್ನೊಂದು ದಾರಿ ಹೋಲಿಕೆಯದು: ವೈರಸ್ಸಿನ ಪ್ರೊಟೀನು ಮೈಯದೇ ಪ್ರೊಟೀನಿನಂತೆ ಕಾಣುವುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ರೋಗಿಗಳ ಮಿದುಳುಬಳ್ಳಿಯ ದ್ರವದಲ್ಲಿ ಸಿಕ್ಕ ಒಂದು ಪ್ರತಿಕಾಯ ವೈರಸ್ಸಿನ ಪ್ರೊಟೀನಿಗೂ ಮಿದುಳಿನ ಗ್ಲಿಯಾ ಕೋಶಗಳ ಪ್ರೊಟೀನಿಗೂ ಅಂಟಿಕೊಳ್ಳುವುದನ್ನು 2022ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ತೋರಿಸಿತು. ಅದೇ ವರ್ಷ ಹಾರ್ವರ್ಡ್ ಸಂಶೋಧಕರು ಅಮೆರಿಕದ ಸುಮಾರು 1 ಕೋಟಿ ಸೇನಾ ಸಿಬ್ಬಂದಿಯ ದಾಖಲೆ ಜಾಲಾಡಿದರು. ಈ ಸೋಂಕು ತಗಲಿದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಅಪಾಯ 32 ಪಟ್ಟು ಏರಿತ್ತು. ಪರೀಕ್ಷಿಸಿದ 801 ರೋಗಿಗಳ ಪೈಕಿ ಮೊದಲಿಗೆ ಸೋಂಕಿಲ್ಲದವರು 35 ಮಂದಿ; ಅವರಲ್ಲಿ 34 ಜನರಿಗೆ ರೋಗ ತಲೆದೋರುವ ಮುನ್ನವೇ ವೈರಸ್ ಅಂಟಿತ್ತು.

ಇಷ್ಟಾದರೂ ವೈರಸ್ಸೊಂದನ್ನೇ ದೂರುವುದು ನ್ಯಾಯವಲ್ಲ. ಜಗತ್ತಿನ ವಯಸ್ಕರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಅದನ್ನು ಹೊತ್ತೇ ಬದುಕುತ್ತಾರೆ. ಕಾಯಿಲೆ ಬೀಳುವವರು ಕೆಲವರು, ಅದರಲ್ಲಿ ವಂಶವಾಹಿಗಳ ಪಾಲೂ ಇದೆ. ಸೋಂಕನ್ನೇ ತಡೆಯಬಹುದಾದ ಲಸಿಕೆಗಳು ಮನುಷ್ಯರ ಮೇಲಿನ ಪ್ರಯೋಗದ ಹಂತ ತಲುಪಿವೆ.